ನಕ್ಷೆಯಲ್ಲಿ ಎರಡು ಕಿಟಕಿ

"ಸಾರ್! ನೀರಿನ ಟ್ಯಾಂಕ್ ಒಳಗೆ ನಿಂತಿದ್ದೀರಾ!"

ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕಿರುಚಿದರು. ಡ್ರಾಯಿಂಗ್ ಮೇಷ್ಟ್ರು ಗಾಬರಿಯಿಂದ ಕಾಲೆತ್ತಿ ನೋಡಿದರೆ, ಕೆಳಗೆ ಸೀಮೆಸುಣ್ಣದ ದುಂಡು ಗೆರೆ!

ಅವನು ನಕ್ಕ. ಪಕ್ಕದಲ್ಲಿದ್ದ ಟೀಚರಮ್ಮ ನಗಲಿಲ್ಲ.

ಅವಳು ಭೂಗೋಳದ ಟೀಚರ್. ಇವತ್ತಿನ ಪಾಠ 'ನಮ್ಮ ಶಾಲೆಯ ನಕ್ಷೆ'. ಅಂಗಳದಲ್ಲಿ ಗೆರೆ ಎಳೆದು, ಮಕ್ಕಳನ್ನೇ ಗುರುತುಗಳಾಗಿ ನಿಲ್ಲಿಸಿದ್ದಳು. ಒಬ್ಬ ಗೇಟು, ಒಬ್ಬಳು ನಲ್ಲಿ. ಗುಂಡನೇ ಸೂರ್ಯ! ಪೂರ್ವದಲ್ಲಿ ನಿಂತವನು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ.

"ಪಶ್ಚಿಮ ತೋರಿಸೋಕೆ ಆ ಕಡೆ ಹೋಗೋ, ಗುಂಡ!"

"ಇನ್ನೂ ಸಂಜೆ ಆಗಿಲ್ವಲ್ಲ ಮಿಸ್!"

ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಆದರೆ ಇವತ್ತು ಈ ಶಾಲೆಯಲ್ಲಿ ಮೇಷ್ಟ್ರ ಕೊನೆಯ ದಿನ. ತಾನಾಗಿಯೇ ಕೇಳಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿದ್ದನಂತೆ.

'ಹೋಗಲಿ ಬಿಡು, ನನಗೇನು?'

ಈ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಒಬ್ಬ ಚೆಲುವೆ ಅವನಿಗೆ ಊಟದ ಡಬ್ಬಿ ತಂದುಕೊಟ್ಟು, ಕಾಲರ್ ಸರಿಮಾಡಿ ಹೋಗಿದ್ದಳು. ಅದನ್ನು ಕಣ್ಣಾರೆ ಕಂಡಂದಿನಿಂದ ಟೀಚರಮ್ಮ ಮಾತು ಬಿಟ್ಟಿದ್ದಳು. ಮಾತು ಬಿಟ್ಟರೇನು, ಕಣ್ಣು ಕೇಳಬೇಕಲ್ಲ! ದಿನವೂ ಕ್ಲಾಸಿನ ಕಿಟಕಿಯಲ್ಲಿ ನಿಂತು, ಅಂಗಳದಾಚೆಯ ಡ್ರಾಯಿಂಗ್ ರೂಮನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ಕೂತಿರುತ್ತಿದ್ದ.

"ನಿಮ್ಮ ಬಣ್ಣದ ಚಾಕ್‌ಪೀಸು... ಕೊಟ್ಟು ಹೋಗೋಣ ಅಂತ ಬಂದೆ," ಎಂದ ಅವನು ಈಗ, ಮೆಲ್ಲಗೆ.

"ಅಲ್ಲಿಡಿ."

ಆಗ ಅವಳ ಕಣ್ಣು ಪುಟ್ಟಿಯ ಮೇಲೆ ಬಿತ್ತು. ನಕ್ಷೆಯಲ್ಲಿ ಕ್ಲಾಸಿನ ಕಿಟಕಿ ಇದ್ದಲ್ಲಿ, ಕತ್ತು ಓರೆ ಮಾಡಿ, ಉಸ್ಸಪ್ಪಾ ಎಂದು ನಿಟ್ಟುಸಿರು ಬಿಡುತ್ತಿದ್ದಾಳೆ!

"ನೀನು ಯಾವ ಗುರುತೇ?"

"ನೀವೇ ಮಿಸ್! ದಿನಾ ಹಿಂಗೇ ನಿಂತ್ಕೊಂಡು ಸಾರ್ ರೂಮ್ ನೋಡ್ತೀರಲ್ಲ!"

ಅಯ್ಯೋ ದೇವರೇ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

"ಸುಮ್ನಿರೇ! ಅಂಥದ್ದೇನಿಲ್ಲ..."

ನಕ್ಷೆಯ ಆ ತುದಿಯಲ್ಲಿ, ಡ್ರಾಯಿಂಗ್ ರೂಮಿನ ಕಿಟಕಿ ಇದ್ದಲ್ಲಿಂದ, ಕಡ್ಡಿ ಎನ್ನುವ ಹುಡುಗ ಕೂಗಿದ. ಅವನ ಕತ್ತೂ ಓರೆ!

"ಮಿಸ್, ನಾನು ಡ್ರಾಯಿಂಗ್ ಸಾರ್! ನೀವು ಬೋರ್ಡ್ ಕಡೆ ತಿರುಗಿದ ತಕ್ಷಣ ಸಾರ್ ಹಿಂಗೆ ನೋಡ್ತಾರೆ. ನೀವು ಈ ಕಡೆ ತಿರುಗಿದ್ರೆ ತಲೆ ಬಗ್ಗಿಸ್ಕೋತಾರೆ!"

ಮೇಷ್ಟ್ರ ಕಿವಿ ಕೆಂಪಾಯಿತು. ಅವಳು ಅವನ ಕಡೆ ತಿರುಗಿದಳು.

"ಹಾಗಾದ್ರೆ... ಅವತ್ತು ಡಬ್ಬಿ ತಂದಿದ್ದವರು?"

"ನಮ್ಮ ಅತ್ತಿಗೆ ರೀ! ಅಣ್ಣನ ಹೆಂಡ್ತಿ. ಅದಕ್ಕಾ ಮಾತು ಬಿಟ್ಟಿದ್ದು? ನನ್ನ ಕಂಡ್ರೆ ನಿಮಗಾಗಲ್ಲ ಅಂದ್ಕೊಂಡು ವರ್ಗ ಕೇಳ್ಬಿಟ್ಟೆ..."

"ಆಗದೇ ಇದ್ದಿದ್ರೆ ದಿನಾ ಕಿಟಕೀಲಿ ಯಾಕೆ ನಿಲ್ತಿದ್ದೆ?" ಎಂದವಳ ಕಣ್ಣು ತುಂಬಿ ಬಂತು.

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಾಳೆ ಹೋಗಲೇಬೇಕು. ಆದ್ರೆ ಭಾನುವಾರ ಅತ್ತಿಗೇನ ಕರ್ಕೊಂಡು ನಿಮ್ಮನೆಗೆ ಬರ್ತೀನಿ, ನಿಮ್ಮಮ್ಮನ ಹತ್ರ ಮಾತಾಡೋಕೆ... ಬರ್ಲಾ?"

"ಭಾನುವಾರದ ತನಕ ಕಿಟಕೀಲಿ ಯಾರನ್ನ ನೋಡ್ಲಿ?"

ಅಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು.

"ಮಿಸ್, ಸಂಜೆ ಆಯ್ತು!" ಗುಂಡ ಕುಣಿದ. "ಈಗ ಮುಳುಗ್ಲಾ?"

ಅವಳು ಮೇಷ್ಟ್ರ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂಚೂರು ಹೊತ್ತು ಅಲ್ಲೇ ಇರೋ, ಗುಂಡ..."