ಸಲಹೆಗೊಂದು ಗೆರೆ

"ಮೇಡಂ, ಎರಡು ನಿಮಿಷದಲ್ಲಿ ನಾಲ್ಕು ಸಲಹೆ ಕೊಟ್ಬಿಟ್ರಿ!"

ಅಹಲ್ಯಾಳ ಮುಖ ಕೆಂಪೇರಿತು. ಎದುರಿಗೆ ಕುಳಿತ ಗಡ್ಡದವನು ತನ್ನ ನೋಟ್‌ಬುಕ್ಕನ್ನು ಅವಳತ್ತ ತಿರುಗಿಸಿದ. ಹಾಳೆಯ ಮೂಲೆಯಲ್ಲಿ ನಾಲ್ಕು ಉದ್ದ ಗೆರೆಗಳು!

'ಅಬ್ಬಾ, ಎಂಥ ಕೊಬ್ಬು!'

"ನಾನು ಡಾಕ್ಟರ್ ಕಣ್ರೀ. ನಿದ್ದೆ ಬರಲ್ಲ ಅಂದ್ರೆ ಕಾಫಿ ಬಿಡಿ ಅನ್ನದೆ ಇನ್ನೇನ್ ಅನ್ಲಿ?"

"ನಿದ್ದೆ ಬರದಿದ್ದಾಗ ಏನ್ ಯೋಚನೆ ಬರುತ್ತೆ ಅಂತ ಕೇಳ್ಬಹುದಿತ್ತು," ಎಂದು ಕೌಸ್ತುಭ್ ನಕ್ಕ.

ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ಅದು ವೃತ್ತಿಪರ ಕೋಚಿಂಗ್ ತರಬೇತಿಯ ಮೊದಲ ದಿನ. ಕೋಚಿಂಗ್ ಎಂದರೆ ನಮಗೆಲ್ಲ ಸಿಇಟಿ ಟ್ಯೂಷನ್ನೇ ನೆನಪಾಗುವುದು, ಬಿಡಿ. ಇಲ್ಲಿ ಪಾಠವೇ ತಿರುಗುಮುರುಗು. ಕೋಚ್ ಆದವರು ಹೇಳಿಕೊಡಬಾರದು, ಕೇಳಬೇಕು. ಏನು ಬೇಕು? ಈಗ ಏನಿದೆ? ಯಾವ ದಾರಿಗಳಿವೆ? ಕೊನೆಗೆ ಏನು ಮಾಡುತ್ತೀರಿ, ಯಾವಾಗ? ಇದು ಒಂದು ಮಾದರಿ. ಇನ್ನೊಂದರಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿ, ಮುಂದಿನ ಅಂಕಕ್ಕೆ ಏನಾಗಬೇಕು ಎನ್ನುತ್ತಾರೆ. ಮಾದರಿ ಯಾವುದಾದರೂ ನಿರ್ಧಾರ ಮಾತ್ರ ಎದುರಿಗಿರುವವರದೇ.

ತರಬೇತಿ ನಡೆಸುವ ಗೀತಾ ಆಂಟಿ ಈ ಇಬ್ಬರು ಕನ್ನಡದವರನ್ನೇ ಜೋಡಿ ಮಾಡಿದರು. ಆರು ತಿಂಗಳು ಪ್ರತಿ ಶನಿವಾರ ವಿಡಿಯೊ ಕಾಲ್‌ನಲ್ಲಿ ಸರದಿಯಂತೆ ಒಬ್ಬರಿಗೊಬ್ಬರು ಕೋಚ್ ಆಗುವ ಅಭ್ಯಾಸ. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ಅವಳಿಗೆ ಬೆಳಿಗ್ಗೆ ಎಂಟು, ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಅವನಿಗೆ ಹತ್ತು.

ಆಸ್ಪತ್ರೆಯಲ್ಲಿ ಅವಳ ರೋಗಿಯೊಬ್ಬರು ತೀರಿಕೊಂಡ ವಾರ ಅಮ್ಮ ಫೋನಿನಲ್ಲಿ "ಊಟ ಮಾಡು" ಎಂದರು, ಗೆಳತಿ "ರಜೆ ಹಾಕು" ಎಂದಳು. ಕೌಸ್ತುಭ್ ಮಾತ್ರ "ಆಮೇಲೆ?" ಎಂದು ಕೇಳಿ ಸುಮ್ಮನೆ ಕಾದ. ಅವತ್ತು ಅವಳು ಮನಸಾರೆ ಅತ್ತಳು. ಅವತ್ತೇ ಅವನು ಅವಳ ಮನಸ್ಸಿಗೆ ಬಂದು ಕೂತುಬಿಟ್ಟ.

ಆರನೇ ತಿಂಗಳು. ಆ ಶನಿವಾರ ಅಹಲ್ಯಾ ಹೊಸ ಕುರ್ತಾ ಹಾಕಿಕೊಂಡು ಕುಳಿತಿದ್ದಳು. ಕ್ಯಾಮೆರಾದಲ್ಲಿ ಕಾಣುವುದು ಕತ್ತಿನವರೆಗೆ ಮಾತ್ರ, ಆದರೂ!

"ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿದೆ. ಹೋಗ್ಲಾ, ಬೇಡ್ವಾ... ಇವತ್ತು ಅದೇ ನನ್ನ ವಿಷಯ."

'ಬನ್ನಿ ಅನ್ನು... ಒಂದೇ ಒಂದು ಮಾತು!'

ಅವನು ನೋಟ್‌ಬುಕ್ಕಿನ ಹಾಳೆ ತಿರುವಿದ. "ಪರ್ತ್‌ನಲ್ಲೇ ಉಳಿದ್ರೆ ಏನ್ ಸಿಗುತ್ತೆ?"

"ನಿಮಗೇನನ್ಸುತ್ತೆ?"

"ನನಗನ್ಸೋದು ಇಲ್ಲಿ ಮುಖ್ಯ ಅಲ್ಲ, ಅಹಲ್ಯಾ."

ಮರುದಿನ ಅವನ ಮೆಸೇಜ್ ಬಂತು: "ಇನ್ಮೇಲೆ ನಿಮ್ಮ ಕೋಚ್ ಆಗಿರೋಕೆ ನನ್ನಿಂದ ಆಗಲ್ಲ. ನಮ್ಮ ಬ್ಯಾಚಿನ ಉತ್ತಮ್‌ಗೆ ನಿಮ್ಮ ಕೋಚ್ ಆಗೋಕೆ ಹೇಳಿದ್ದೀನಿ. ಕ್ಷಮಿಸಿ."

ಕಾರಣವಿಲ್ಲ, ವಿವರಣೆಯಿಲ್ಲ! ಕಾರಿನಲ್ಲಿ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕೆಲಸ ಬೇಡವೆಂದು ಪತ್ರವನ್ನೂ ಬರೆದಿಟ್ಟಳು. ಉತ್ತರಕ್ಕೆ ಸೋಮವಾರ ಕೊನೆಯ ದಿನ. ಅದಕ್ಕೆ ಮೊದಲು ಶನಿವಾರ ಅಡಿಲೇಡ್‌ನಲ್ಲಿ ಪರೀಕ್ಷೆಯಿತ್ತು.

ಚೀಟಿ ಎತ್ತಿದರು. ಅಹಲ್ಯಾ ಕೋಚ್. ಎದುರಿಗೆ ಬಂದು ಕುಳಿತವನು... ಕೌಸ್ತುಭ್!

ಇಪ್ಪತ್ತು ನಿಮಿಷ. ಅವಳು ಒಂದು ಸಲಹೆ ಕೊಟ್ಟರೂ ಫೇಲ್. ಗೀತಾ ಆಂಟಿ ಪೆನ್ನು ಹಿಡಿದು ಪಕ್ಕದಲ್ಲೇ ಕುಳಿತರು.

"ನಿಮಗೆ ಏನು ಬೇಕು?" ಅಹಲ್ಯಾ ಕೇಳಿದಳು.

"ಒಬ್ರು ನಮ್ಮ ಬ್ರಿಸ್ಬೇನ್‌ಗೆ ಬರ್ಬೇಕು."

"ಈಗ... ಈಗ ಏನಿದೆ?"

"ಅವರು ನನ್ನನ್ನ ಕಲ್ಲು ಅಂದ್ಕೊಂಡಿದ್ದಾರೆ. ಕೋಚ್‌ಗೆ ಸ್ವಂತ ಆಸೆ ಇರಬಾರದು. ನನಗಿತ್ತು. ಬನ್ನಿ ಅಂದಿದ್ರೆ ಅವರ ನಿರ್ಧಾರ ನಾನೇ ಮಾಡ್ದಂಗೆ ಆಗ್ತಿತ್ತು. ಅದಕ್ಕೇ ಕೋಚಿಂಗ್ ಬಿಟ್ಟೆ. ಕಾರಣ ಹೇಳ್ದೇ ಬಿಟ್ಟಿದ್ದು ತಪ್ಪು. ಇವತ್ತು ನಾನು ಕೋಚ್ ಅಲ್ವಲ್ಲ... ಆಸೆ ಹೇಳ್ಕೋಬಹುದು."

'ಹಾಗಾದರೆ ಬಿಟ್ಟಿದ್ದು ನನ್ನನ್ನಲ್ಲ...!'

"ಆ ಆಸೆ ಹತ್ತಕ್ಕೆ ಎಷ್ಟು?"

"ಒಂಬತ್ತು."

"ಹತ್ತಾಗೋಕೆ?"

"ಅವರಿಗೂ ಬೇಕನ್ನಿಸ್ಬೇಕು."

ಅವಳ ಕಣ್ಣು ತುಂಬಿತು. ಮಾತು ನಾಲಿಗೆಯ ತುದಿಯಲ್ಲಿತ್ತು. ಗೀತಾ ಆಂಟಿಯ ಪೆನ್ನೂ ಸಿದ್ಧವಾಗಿತ್ತು! ಅವಳು ಮಾತನ್ನು ನುಂಗಿಕೊಂಡಳು.

"ಹಾಗಾದ್ರೆ... ಏನ್ ಮಾಡ್ತೀರಾ? ಯಾವಾಗ?"

"ಬೆಲ್ ಆದ ತಕ್ಷಣ ಅವರನ್ನೇ ಕೇಳ್ತೀನಿ."

ಉಳಿದ ಎರಡು ನಿಮಿಷ ಇಬ್ಬರೂ ಮಾತಿಲ್ಲದೆ ಕುಳಿತರು. ಅಷ್ಟು ಉದ್ದದ ಎರಡು ನಿಮಿಷವನ್ನು ಅಹಲ್ಯಾ ಐಸಿಯುನಲ್ಲೂ ಕಂಡಿರಲಿಲ್ಲ.

ಬೆಲ್ ಆಯಿತು.

"ಒಂದೂ ಗೆರೆ ಇಲ್ಲ. ಪಾಸ್! ನಾನ್ ಟೀ ಕುಡ್ಕೊಂಡ್ ಬರ್ತೀನಪ್ಪ," ಎಂದು ಗೀತಾ ಆಂಟಿ ನಗುತ್ತ ಎದ್ದು ಹೋದರು.

"ಅಹಲ್ಯಾ, ನಿಮಗೆ ಏನು ಬೇಕು?"

ಅವಳು ಫೋನ್ ತೆಗೆದು, ಬರೆದಿಟ್ಟಿದ್ದ ಪತ್ರವನ್ನು ಅವನೆದುರೇ ಅಳಿಸಿದಳು. "ಸೋಮವಾರ ಒಪ್ಪಿಗೆ ಕಳಿಸ್ತೀನಿ. ಆ ಕೆಲಸ ನನಗಿಷ್ಟ. ನೀವು... ಅದಕ್ಕಿಂತ ಜಾಸ್ತಿ ಇಷ್ಟ."

"ಹತ್ತಾಯ್ತು!" ಎಂದ ಕೌಸ್ತುಭ್. "ಈಗ್ಲಾದ್ರೂ ಒಂದ್ ಸಲಹೆ ಕೊಡಿ, ಡಾಕ್ಟ್ರೇ."

"ಕಾಫಿ ಬಿಡ್ಬೇಡಿ. ಇನ್ಮೇಲೆ ನನ್ಜೊತೆ ಕುಡೀರಿ."

ಕೌಸ್ತುಭ್ ಅದೇ ಹಳೆಯ ನೋಟ್‌ಬುಕ್ ತೆರೆದ. ಮೊದಲ ದಿನದ ನಾಲ್ಕು ಗೆರೆಗಳ ಮೇಲೆ ಅಡ್ಡಲಾಗಿ ಐದನೆಯದನ್ನು ಎಳೆದ.