ಹಲ್ಲು ಮುರಿದ ಫ್ಯಾನು

ಚೆಂಡು ನೇರ ಬಂದು ಧನುಶ್ರೀಯ ಹಣೆಗೆ ಬಡಿಯಿತು. ಸೀಟಿ ಒಂದು ಕಡೆ ಬಿತ್ತು, ಅವಳು ಒಂದು ಕಡೆ.

ಬಾಗೂರು ಹೈಸ್ಕೂಲಿನ ಪಿ.ಟಿ. ಮೇಡಂ ಮಣ್ಣಿನಲ್ಲಿ ಕೂತಿದ್ದನ್ನು ವಾಲಿಬಾಲ್ ತಂಡದ ಹುಡುಗಿಯರು ಬಾಯಿಬಿಟ್ಟು ನೋಡಿದರು. ಚೆಂಡು ಎಸೆದದ್ದು ಎರಡು ಮೋಪೆಡ್ ಚಕ್ರಗಳ ಯಂತ್ರ. ಅದರ ಹಿಂದೆ ಬಿಳಿಚಿಕೊಂಡು ನಿಂತಿದ್ದವನು ಅದನ್ನು ಕಂಡುಹಿಡಿದ ಕೀರ್ತಿರಾಜ್.

"ಸಾರಿ ಮೇಡಂ... ಸ್ಪೀಡು ಸ್ವಲ್ಪ ಜಾಸ್ತಿ ಆಗೋಯ್ತು."

"ಸ್ವಲ್ಪಾನಾ? ಇನ್ನೊಂಚೂರು ಆಗಿದ್ರೆ ಚನ್ನರಾಯಪಟ್ಟಣಕ್ಕೆ ಹೋಗಿ ಬೀಳ್ತಿದ್ದೆ."

ಅವನು ನಗಲಿಲ್ಲ. ಕರ್ಚೀಫು ಒದ್ದೆ ಮಾಡಿ ಕೊಟ್ಟ. ಅದಕ್ಕೆ ಗ್ರೀಸಿನ ವಾಸನೆಯಿತ್ತು. ಧನುಶ್ರೀಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವಳಿಗೆ ಕೋಪ ಬಂದದ್ದು ಅದಕ್ಕೇ.

ಹೊಳೆನರಸೀಪುರದ ತನ್ನ ಶೆಡ್ಡಿನಲ್ಲಿ ಒಬ್ಬನೇ ಕೂತು ಅವನು ಮಾಡಿದ್ದ ತೆಂಗಿನಕಾಯಿ ಸುಲಿಯುವ ಯಂತ್ರಕ್ಕೆ ಆಗಲೇ ಪೇಟೆಂಟ್ ಸಿಕ್ಕಿತ್ತು. ಈಗ ಆಟದ ಸಾಮಾನಿನ ಹುಚ್ಚು. ಮುಂದಿನ ತಿಂಗಳು ಹಾಸನದಲ್ಲಿ ಅರಕಲಗೂಡಿನವರ ಮೇಲೆ ಧನುಶ್ರೀಯ ಹುಡುಗಿಯರ ಪಂದ್ಯ. ಅವರಿಗೆ ಅಭ್ಯಾಸ ಬೇಕಿತ್ತು, ಇವನಿಗೆ ಯಂತ್ರ ಪರೀಕ್ಷಿಸಲು ಮೈದಾನ ಬೇಕಿತ್ತು. ಯಂತ್ರ ಶಾಲೆಯಲ್ಲೇ ಉಳಿಯಿತು. ನಟ್ಟು ಬಿಗಿಮಾಡುವ ನೆಪದಲ್ಲಿ ಕೀರ್ತಿರಾಜ್ ಸಂಜೆಸಂಜೆ ಬೈಕಿನಲ್ಲಿ ಬರತೊಡಗಿದ. ಅಷ್ಟೊಂದು ಸಡಿಲವಾಗುವ ನಟ್ಟು ಹಾಸನ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಆದರೆ ಹುಡುಗಿಯರು ನಾಲ್ಕೇ ದಿನಕ್ಕೆ ಯಂತ್ರವನ್ನು ಬಾಯಿಪಾಠ ಮಾಡಿಬಿಟ್ಟರು. ಚೆಂಡು ಬೀಳುವ ಜಾಗಕ್ಕೆ ಮುಂಚೆಯೇ ಹೋಗಿ ನಿಲ್ಲುತ್ತಿದ್ದರು.

ಮರುದಿನ ಧನುಶ್ರೀ ಮನೆಯಿಂದ ಟೇಬಲ್ ಫ್ಯಾನು ಹೊತ್ತು ತಂದಳು.

"ಇದರ ಗೇರಿನ ಒಂದು ಹಲ್ಲು ಮುರಿದಿದೆ. ತಿರುಗ್ತಾ ತಿರುಗ್ತಾ ನಿಲ್ಲುತ್ತೆ, ಆಮೇಲೆ ಜಿಗಿಯುತ್ತೆ. ಗಾಳಿ ಯಾರ ಕಡೆ ಬರುತ್ತೆ ಅಂತ ನಮ್ಮಪ್ಪಂಗೇ ಗೊತ್ತಾಗಲ್ಲ. ನಿಮ್ಮ ಮಿಷನ್ ತಲೆ ಹಿಂಗೆ ತಿರುಗಿದ್ರೆ?"

ಅವನು ಫ್ಯಾನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದ. ಫ್ಯಾನನ್ನು ಕಮ್ಮಿ ನೋಡಿದ.

ವಾರದಲ್ಲಿ ಯಂತ್ರದ ತಲೆ ಮನಸ್ಸು ಬಂದಂತೆ ತಿರುಗಿತು. ಹುಡುಗಿಯರು ಕಂಗಾಲಾದರು, ಆಮೇಲೆ ಕಲಿತರು. ಆ ಸಂಭ್ರಮದಲ್ಲಿ ಧನುಶ್ರೀ ಭಾನುವಾರಕ್ಕೆ ಸುತ್ತಲಿನ ಪಿ.ಟಿ. ಮೇಷ್ಟ್ರುಗಳನ್ನು, ಪತ್ರಿಕೆಯವರನ್ನು ಕರೆದುಬಿಟ್ಟಳು. ಅವನ ಹೆಸರು ನಾಲ್ಕು ಜನಕ್ಕೆ ಗೊತ್ತಾಗಲೆಂಬ ಆಸೆ.

ಶನಿವಾರ ವಿಷಯ ಕೇಳಿ ಅವನ ಮುಖ ಸಪ್ಪಗಾಯಿತು.

"ಯಾರಿಗೂ ತೋರಿಸ್ಬೇಡಿ ಮೇಡಂ. ಬುಧವಾರ ಬತ್ತೀನಿ."

ಅಷ್ಟೇ. ಆಗಲೇ ಗೂಡ್ಸ್ ಆಟೋ ತಂದು ಯಂತ್ರವನ್ನೂ ಫ್ಯಾನನ್ನೂ ಏರಿಸಿಕೊಂಡು ಹೊರಟೇಹೋದ. ಪಂದ್ಯಕ್ಕೆ ಹತ್ತು ದಿನ ಉಳಿದಿತ್ತು.

'ನನ್ನ ಫ್ಯಾನು ಬೇಕಿತ್ತು, ನಾನು ಬೇಡವಾದೆ... ಅವನ ಯಂತ್ರ ನಾನು ಕದ್ದುಬಿಡುತ್ತೇನೆ ಅಂದುಕೊಂಡನಾ?' ಧನುಶ್ರೀ ಭಾನುವಾರದವರಿಗೆಲ್ಲ ಬರಬೇಡಿ ಎಂದಳು. ಅವನು ಹನ್ನೊಂದು ಸಲ ಫೋನ್ ಮಾಡಿದ. ಒಂದನ್ನೂ ಎತ್ತಲಿಲ್ಲ, ಎಣಿಸಿದಳು ಮಾತ್ರ.

ಬುಧವಾರ ಸಂಜೆ ಅವಳ ಮನೆ ಮುಂದೆ ಗೂಡ್ಸ್ ಆಟೋ ನಿಂತಿತು. ಕೀರ್ತಿರಾಜ್ ಇಳಿದ.

"ಫ್ಯಾನು ವಾಪಸ್ ಕೊಡೋಕೆ ಬಂದೆ, ಸಾ."

"ಸದ್ಯ ತಂದ್ಯಲ್ಲ, ಸೆಕೆ ತಡಿಯಾಕಾಯ್ತಿರ್ಲಿಲ್ಲ ಕಣಪ್ಪ," ಎಂದರು ಜಗಲಿಯಲ್ಲಿದ್ದ ಅವಳಪ್ಪ ಚಲುವಯ್ಯ.

ಧನುಶ್ರೀ ಬಾಗಿಲಿಗೆ ಬಂದಳು. "ಕೊಟ್ಟಾಯ್ತಲ್ಲ, ಹೊರಡಿ."

"ಒಂದು ಸೈನ್ ಬೇಕಿತ್ತು." ಅವನು ಕಾಗದ ಚಾಚಿದ. "ತೆಂಗಿನಕಾಯಿದಕ್ಕಿಂತ ಮುಂಚೆ ಮಾಡಿದ್ದ ನನ್ನ ಮೊದಲನೇ ಮಿಷನ್ನು... ಅರ್ಜಿ ಹಾಕೋಕೆ ಮುಂಚೆ ಊರಿಗೆಲ್ಲ ತೋರಿಸ್ಬುಟ್ಟೆ. ಎಲ್ಲರಿಗೂ ಗೊತ್ತಿರೋದಕ್ಕೆ ಪೇಟೆಂಟ್ ಕೊಡಲ್ಲ ಅಂದ್ರು. ಮೂರು ವರ್ಷದ ಕೆಲಸ ಹೋಯ್ತು. ಭಾನುವಾರ ತೋರಿಸಿದ್ರೆ ಇದೂ ಹೋಗ್ತಿತ್ತು. ನಂದಾದ್ರೆ ಹೋಗ್ಲಿ ಅನ್ನಬಹುದು, ಇದು ನಿಮ್ಮದು."

ಕಂಡುಹಿಡಿದವರು ಎಂಬಲ್ಲಿ ಎರಡು ಹೆಸರಿದ್ದವು. ಮೊದಲನೆಯದು ಧನುಶ್ರೀ.

"ಆ ಮುರುಕು ಹಲ್ಲಿನ ಗೇರ್ ಇಲ್ದಿದ್ರೆ ಇದು ಬರೀ ಚೆಂಡು ಉಗುಳೋ ಡಬ್ಬ. ನಾಳೆ ಅರ್ಜಿ ಹಾಕ್ತೀನಿ, ಆಮೇಲೆ ಯಾರಿಗೆ ಬೇಕಾದ್ರೂ ತೋರಿಸಿ. ಮಿಷನ್ನು ಆಟೋದಲ್ಲೇ ಐತೆ."

ಅವಳ ಕಣ್ಣು ತುಂಬಿತು. "ಶನಿವಾರಾನೇ ಹೇಳೋಕೇನಾಗಿತ್ತು?"

"ನೀವು ಕೋಪ ಮಾಡ್ಕೊಂಡ್ರೆ ನಂಗೆ ಮಾತು ಬರಲ್ಲ." ಅವನು ತಲೆತಗ್ಗಿಸಿದ. "ಮಾಡ್ಕೊಳ್ದಿದ್ರೂ ಬರಲ್ಲ."

ಅವಳು ಪೆನ್ನು ತೆಗೆದುಕೊಂಡಳು.

"ಸೈನ್ ಆಕಕ್ಕೆ ಮುಂಚೆ ಓದ್ಕಳವ್ವ," ಎಂದರು ಚಲುವಯ್ಯ, ಫ್ಯಾನಿನ ವೈರು ಬಿಡಿಸುತ್ತಾ.

ಓದಿದಳು. "ನನ್ನ ಅಡ್ರೆಸ್ ಖಾಲಿ ಬಿಟ್ಟಿದ್ದೀರಲ್ಲ?"

ಅವನ ಕಿವಿ ಕೆಂಪಾಯಿತು. "ಬಾಗೂರು ಅಂತ ಬರೀಬಹುದು. ಆದ್ರೆ... ಪೇಟೆಂಟ್ ಬರೋಕೆ ಎರಡು ಮೂರು ವರ್ಷ ಆಗುತ್ತೆ. ಅಷ್ಟರಲ್ಲಿ ನೀವು ಹೊಳೆನರಸೀಪುರಕ್ಕೆ... ನಮ್ಮನೆಗೆ... ನಂಗೆ ನೀವಂದ್ರೆ ತುಂಬಾ ಇಷ್ಟ, ಧನುಶ್ರೀ."

ಅವಳು 'ಬಾಗೂರು' ಎಂದೇ ಬರೆದಳು. ಅವನ ಮುಖ ಬಾಡಿತು.

"ಅರ್ಜೀಲಿ ಸುಳ್ಳು ಬರೀಬಾರದಲ್ವಾ?" ಎಂದಳು ಮೆಲ್ಲಗೆ. "ಅಡ್ರೆಸ್ ಬದಲಾದ್ರೆ ತಿಳಿಸೋಕೆ ಬೇರೆ ಫಾರಂ ಇರುತ್ತಾ?"

"ಇರುತ್ತೆ."

"ಹಾಗಾದ್ರೆ ಅದನ್ನೂ ಒಂದು ತಂದಿಡಿ."

"ತಂದಿದ್ದೀನಿ," ಎಂದ ಕೀರ್ತಿರಾಜ್, ಜೇಬಿಗೆ ಕೈಹಾಕುತ್ತಾ.