ಒಳಕೋಣೆಯ ಚಿಲಕ

"ಬಾಗಿಲು ಹಾಕು ಸಿಂಧುಜಾ! ಇವತ್ತೊಂದಿನ ಅವನ ಬಾಯಿ ಮುಚ್ಚಿಸು!" ಅತ್ತೆ ರಂಗಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. ನಡುಮನೆಯಲ್ಲಿ ನಾದಿನಿ ಮೋನಿಷಾಳನ್ನು ಮದುವೆಗೆಂದು ನೋಡಲು ತುಮ್ಮನಟ್ಟಿಯಿಂದ ಬಂದ ವರ ಸುಧಾಕರನ್ ತಮ್ಮವರೊಂದಿಗೆ ಚಹಾ ಕುಡಿಯುತ್ತಿದ್ದರು. ಒಳಕೋಣೆಯಲ್ಲಿ ಸಿಂಧುಜಾಳ ಗಂಡ ಸುರೇಂದ್ರನ್ ಎದೆ ಹಿಡಿದು ಕೂತಿದ್ದ. "ಸಿಂಧು... ಎದೆ ಒತ್ತುತ್ತೆ... ಆಸ್ಪತ್ರೆಗೆ ಹೋಗೋಣ."

ಮತ್ತೆ ಶುರುವಾಯಿತು ಅಂದುಕೊಂಡಳು ಅವಳು. ಬೈಪೋಲಾರ್ ಎಂಬ ಆ ಮನಸ್ಸಿನ ಕಾಯಿಲೆ ಏರಿದಾಗ ನಿದ್ದೆಯಿಲ್ಲದೆ ಟೀ ತೋಟ ಸುತ್ತುವ, ಇಳಿದಾಗ ವಾರಗಟ್ಟಲೆ ಗೋಡೆ ನೋಡುತ್ತ ಮಲಗುವ ಗಂಡನ ಯಾವ ಮಾತನ್ನು ತಾನೇ ನಂಬಿಯಾಳು? ಅವರಿದ್ದ ಹುಬ್ಬತಲೈ ಹಟ್ಟಿಯಲ್ಲಿ ಗೋಡೆಗೆ ಗೋಡೆ ಸೇರಿದ ಸಾಲು ಮನೆಗಳು. ಒಬ್ಬರು ಕೆಮ್ಮಿದರೆ ಪಕ್ಕದವರಿಗೆ ಕೇಳುತ್ತದೆ. ಎಲೆ ಕೀಳಲು ಬರುವ ಹೆಂಗಸರ ಕಣ್ಣಿಗೆ ಬೀಳದಿರಲೆಂದು ಅವನ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಟ್ಟವಳೂ ಅವಳೇ. ನಾಚಿಕೆಯಿಂದ ಮುಖ ತಿರುಗಿಸಿ ಹೊರಗಿನಿಂದ ಚಿಲಕ ಹಾಕಿದಳು.

ಸ್ವಲ್ಪ ಹೊತ್ತಿಗೆ ಒಳಗೆ ದೊಪ್ಪೆಂದು ಬಿದ್ದ ಸದ್ದು! ಅವನನ್ನು ಎತ್ತಿ ಜೀಪಿಗೆ ಹಾಕಿಕೊಂಡು ಕೂನೂರಿನ ಆಸ್ಪತ್ರೆಗೆ ಓಡಿಸಿದವರು ಅದೇ ಸುಧಾಕರನ್.

"ಹಾರ್ಟ್ ಅಟ್ಯಾಕ್. ಬೇರೆ ಕಾಯಿಲೆ ಇದೆಯಾ? ಏನು ಮಾತ್ರೆ ತಗೊಳ್ತಾರೆ?" ಡಾಕ್ಟರಮ್ಮ ಕೇಳಿದರು.

ರಂಗಿ ಸೊಸೆಯ ಕೈ ಹಿಸುಕಿದಳು. "ಏನೂ ಇಲ್ಲಮ್ಮಾ... ಬರೀ ವಿಟಮಿನ್."

ಪಕ್ಕದಲ್ಲೇ ಸುಧಾಕರನ್ ನಿಂತಿದ್ದರು. ಸಿಂಧುಜಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಕೂಗಿಯೇಬಿಟ್ಟಳು. "ಸುಳ್ಳು ಮೇಡಂ! ಅವರಿಗೆ ಬೈಪೋಲಾರ್ ಇದೆ! ಡಬ್ಬೀಲಿರೋದು ಅದರ ಮಾತ್ರೆ!"

"ಅದನ್ನ ಯಾಕೆ ಮುಚ್ಚಿಡ್ತೀರಿ? ಆ ಕಾಯಿಲೆ ಇರೋರಿಗೆ ಹೃದಯದ ತೊಂದರೆ ಬರೋದು ಜಾಸ್ತಿ. ಕೆಲವು ಮಾತ್ರೆಗೆ ತೂಕ, ಸಕ್ಕರೆನೂ ಏರುತ್ತೆ. ಮಾತ್ರೆ ಬಿಡಬಾರದು, ಎದೆನೂ ಆಗಾಗ ತೋರಿಸ್ತಿರಬೇಕಿತ್ತು. ನೋವು ಅಂತ ಅವರು ಹೇಳಲೇ ಇಲ್ವಾ?"

ಹೇಳಿದ್ದ... ಹೇಳಿದ್ದ!

ಸುಧಾಕರನ್ ಜೀಪು ಹತ್ತಿ ಹೊರಟುಹೋದರು. ಮೋನಿಷಾಳ ಸಂಬಂಧ ಅಲ್ಲಿಗೇ ಮುರಿಯಿತು.

ಮರುದಿನ ಸುರೇಂದ್ರನ್ ಕಣ್ಣುಬಿಟ್ಟು ಕೇಳಿದ್ದು ಒಂದೇ. "ಚಿಲಕ ಯಾರು ಹಾಕಿದ್ದು?"

"ನಾನು ಮಗಾ... ಪಾಪಿ ನಾನೇ," ಎಂದು ರಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜನ್ಮದಲ್ಲಿ ಮೊದಲ ಬಾರಿ ಅತ್ತೆ ಸೊಸೆಯ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿದ್ದಳು. ಸುಮ್ಮನಿದ್ದಿದ್ದರೆ ಸಿಂಧುಜಾ ಬಚಾವಾಗುತ್ತಿದ್ದಳು.

"ಅಲ್ಲ... ಹಾಕಿದ್ದು ನಾನು," ಅಂದಳು.

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಮಗು ಕೇಳುವಂತೆ ಮೆಲ್ಲಗೆ ಕೇಳಿದ.

"ಇನ್ನೊಂದ್ಸಲ ನೋವು ಅಂದ್ರೆ... ನಂಬ್ತೀಯಾ ಸಿಂಧು?"